ಸಾಫ್ಟ್‌ವೇರ್ ಇದೆ, ಫೋಟೊ ಮಾತ್ರ ಇನ್ನೂ ವಾಟ್ಸಾಪ್‌ನಲ್ಲೇ ಓಡಾಡುತ್ತಿದೆ

ಪ್ರಶ್ನೆ: ನಮ್ಮದು ದಾವಣಗೆರೆ ಕಡೆಯ ಕಂಪನಿ. ಮಸಾಲೆ ಪುಡಿ, ಚೂಡಾ, ಉಪ್ಪಿನಕಾಯಿ ಮಾಡುತ್ತೇವೆ. ನಾನು ಮಾರ್ಕೆಟಿಂಗ್ ವಿಭಾಗದಲ್ಲಿದ್ದೇನೆ. ಫೋಟೊ, ಲೇಬಲ್ ಡಿಸೈನ್, ವಿಡಿಯೊ ಎಲ್ಲ ಒಂದೇ ಕಡೆ ಇರಲಿ ಅಂತ ಎರಡು ವರ್ಷದ ಹಿಂದೆ ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ತಂದೆವು. ಈಗ ಅದರಲ್ಲಿ ಸಾವಿರಾರು ಫೈಲ್ ಇವೆ, ತೆರೆದು ನೋಡುವವರೇ ಇಲ್ಲ. ಹುಡುಕಿದರೆ ಸಿಗಲ್ಲ ಅಂತ ಸೇಲ್ಸ್‌ನವರ ದೂರು. ಒಂದು ಫೋಟೊ ಹಾಕಲು ಇಪ್ಪತ್ತು ಕಾಲಂ ತುಂಬಬೇಕು ಅಂತ ಡಿಸೈನರ್‌ಗಳ ಗೋಳು. ಕೊನೆಗೆ ಎಲ್ಲರೂ ನನಗೇ ವಾಟ್ಸಾಪ್ ಮಾಡಿ ಕೇಳುತ್ತಾರೆ. ಲೈಸೆನ್ಸ್ ರಿನ್ಯೂ ಮಾಡುವ ಸಮಯ ಹತ್ತಿರ ಬಂದಿದೆ. ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕಾ? ಅಥವಾ ಎಲ್ಲ ಬಿಟ್ಟು ಮೊದಲಿನ ಹಾಗೆ ಗೂಗಲ್ ಡ್ರೈವ್ ಸಾಕಾ?

ಉತ್ತರ: ಬಿಡಬೇಡಿ, ಈಗಲೇ ಬದಲಾಯಿಸಲೂ ಬೇಡಿ. ರಿನ್ಯೂವಲ್‌ಗೆ ಒಂದೆರಡು ತಿಂಗಳಿದ್ದರೆ ಸಾಕು, ಸಾಫ್ಟ್‌ವೇರೇ ಸರಿ ಇಲ್ಲವಾ ಅಥವಾ ಅದನ್ನು ಕೂರಿಸಿದ ರೀತಿ ಸರಿ ಇಲ್ಲವಾ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತದೆ. ನೀವು ಬರೆದದ್ದು ನೋಡಿದರೆ ಎರಡನೆಯದೇ ಅಂತ ನನಗೆ ಅನ್ನಿಸುತ್ತದೆ. ಇವೇ ದೂರುಗಳು ದುಬಾರಿ ಸಾಫ್ಟ್‌ವೇರ್ ಇರುವ ಕಡೆಯೂ ಬರುತ್ತವೆ, ಪುಕ್ಕಟೆಯದು ಇರುವ ಕಡೆಯೂ ಬರುತ್ತವೆ. ಫೈಲ್ ಒಳಗಿಡುವ ಕಷ್ಟ ಒಬ್ಬರದು, ಲಾಭ ಇನ್ನೊಬ್ಬರದು. ಗಂಟು ಇರುವುದು ಅಲ್ಲಿ. ನಿಮ್ಮ ಡಿಸೈನರ್ ಸಂಜೆ ಮನೆಗೆ ಹೊರಡುವ ಹೊತ್ತಿಗೆ ಇಪ್ಪತ್ತು ಕಾಲಂ ತುಂಬಿದರೆ ಅವರಿಗೆ ಸಿಗುವುದೇನು? ಏನೂ ಇಲ್ಲ. ಆರು ತಿಂಗಳಾದ ಮೇಲೆ ಬಳ್ಳಾರಿಯಲ್ಲಿ ಡೀಲರ್ ಎದುರು ಕೂತ ಸೇಲ್ಸ್‌ನವರಿಗೆ ಸಿಗುತ್ತದೆ. ಅದೂ ಅವರು ಹುಡುಕುವ ಪದದಲ್ಲೇ ಡಿಸೈನರ್ ಹೆಸರಿಟ್ಟಿದ್ದರೆ ಮಾತ್ರ.

ಹಾಗಾಗಿ ಹುಡುಕಾಟದಿಂದಲೇ ಶುರು ಮಾಡೋಣ. ಇಂಥ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಯಾರು ಯಾವ ಪದ ಹಾಕಿ ಹುಡುಕಿದರು ಅನ್ನೋ ವರದಿಯನ್ನು ಅಡ್ಮಿನ್ ತೆಗೆಯಬಹುದು. ಅದರಲ್ಲಿ ನಿಮಗೆ ಬೇಕಾದದ್ದು ಏನೂ ಸಿಗದೆ ಹೋದ ಹುಡುಕಾಟಗಳ ಪಟ್ಟಿ. ಕಳೆದ ಮೂರು ತಿಂಗಳದ್ದು ತೆಗೆಸಿ, ಪ್ರಿಂಟ್ ಹಾಕಿ, ಟೇಬಲ್ ಮೇಲಿಟ್ಟುಕೊಂಡು ಓದಿ. ನಿಮ್ಮ ಫೈಲ್‌ಗಳಲ್ಲಿ ‘ರೆಡ್ ಚಿಲ್ಲಿ ಪೌಡರ್ 500 ಗ್ರಾಂ ಪೌಚ್’ ಅಂತ ಇರುತ್ತದೆ. ಹುಡುಕಿದವರು ‘ಅರ್ಧ ಕೆಜಿ ಖಾರದಪುಡಿ’ ಅಂತ ಹಾಕಿರುತ್ತಾರೆ. ಮೈಸೂರು ಕಡೆಯವರು ಅಚ್ಚಖಾರದ ಪುಡಿ ಅಂದಿರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಫೋಟೊ ಬೇಕಾದವರು ಬ್ಯಾಡಗಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದಿರುತ್ತಾರೆ. ಒಂದೂ ಹೊಂದುವುದಿಲ್ಲ. ಫೋಟೊ ಒಳಗೇ ಇದೆ, ಆದರೆ ಹುಡುಕುವವರ ಮಟ್ಟಿಗೆ ಇಲ್ಲ. ಎರಡು ಸಲ ಹೀಗಾದರೆ ಮೂರನೇ ಸಲ ಅವರು ತೆರೆಯೋದು ವಾಟ್ಸಾಪ್ ಅನ್ನೇ, ಅಲ್ವಾ?

ಇದಕ್ಕೆ ಔಷಧ ದೊಡ್ಡದೇನಲ್ಲ. ಒಂದೊಂದು ಸರಕಿಗೂ ಜನ ಕರೆಯುವ ಎಲ್ಲ ಹೆಸರುಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿ: ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ, ನಿಮ್ಮ ಗೋಡೌನ್ ಕೋಡ್ ಸಮೇತ. ಸಮಾನ ಪದಗಳ ಪಟ್ಟಿ ಹಾಕುವ ಸೌಲಭ್ಯ ನಿಮ್ಮ ಸಾಫ್ಟ್‌ವೇರ್‌ನಲ್ಲಿದ್ದರೆ ಅಲ್ಲಿ ಹಾಕಿ. ಇಲ್ಲದಿದ್ದರೆ ‘ಬೇರೆ ಹೆಸರುಗಳು’ ಅಂತ ಒಂದು ಕಾಲಂ ಮಾಡಿ, ಆ ಸರಕಿನ ಫೈಲ್‌ಗಳಿಗೆಲ್ಲ ಒಟ್ಟಿಗೆ ಅಂಟಿಸಿ. ನಿಮ್ಮಲ್ಲಿರುವ ಸರಕುಗಳು ನೂರೋ ನೂರೈವತ್ತೋ ಇದ್ದಾವು. ಸೇಲ್ಸ್‌ನ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಒಂದು ದಿನದ ಕೆಲಸ.

ಕನ್ನಡದ ತೊಂದರೆ ಬೇರೆಯೇ ಇದೆ. ಇದನ್ನು ಸಾಫ್ಟ್‌ವೇರ್ ಮಾರುವವರು ಹೇಳುವುದಿಲ್ಲ. ಪಾಪ, ಅವರಿಗೆ ಗೊತ್ತೂ ಇರುವುದಿಲ್ಲ. ನಿಮ್ಮ ಹಳೇ ಫೈಲ್‌ಗಳ ವಿವರವನ್ನು ಕನ್ನಡ ಟೈಪಿಂಗ್‌ನ ಹಳೇ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸಿದ್ದರೆ ಅದು ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಓದುವ ರೂಪ, ಅಲ್ಲ. ಆ ಫಾಂಟ್ ಇದ್ದರಷ್ಟೇ ಕನ್ನಡದ ಹಾಗೆ ಕಾಣುತ್ತದೆ. ಸಾಫ್ಟ್‌ವೇರ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ಅದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ವಿವರಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ಇಳಿಸಿಕೊಂಡು, ಬದಲಾಯಿಸಿ, ಒಮ್ಮೆ ಕಣ್ಣಾಡಿಸಿ, ಮತ್ತೆ ಒಳಗೆ ಹಾಕಿ. ಯೂನಿಕೋಡ್‌ನಲ್ಲೂ ಒಂದು ಸಣ್ಣ ಕೊಕ್ಕೆ ಉಂಟು. ‘ಕೊ’ ಅನ್ನುವಲ್ಲಿನ ಒತ್ವವನ್ನು ಕಂಪ್ಯೂಟರ್ ಒಂದೇ ಚಿಹ್ನೆಯಾಗಿ ಇಟ್ಟುಕೊಳ್ಳಬಹುದು, ಎತ್ವ ಮತ್ತು ಊತ್ವ ಸೇರಿಸಿ ಎರಡಾಗಿಯೂ ಇಟ್ಟುಕೊಳ್ಳಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಒಂದೇ ರೂಪಕ್ಕೆ ತರುವ ವ್ಯವಸ್ಥೆ ಹುಡುಕಾಟದಲ್ಲಿ ಇಲ್ಲದಿದ್ದರೆ ‘ಕೊತ್ತಂಬರಿ’ ಒಮ್ಮೆ ಸಿಗುತ್ತದೆ, ಇನ್ನೊಮ್ಮೆ ಸಿಗುವುದಿಲ್ಲ. ಫೋನ್ ಕೀಬೋರ್ಡ್‌ನಲ್ಲಿ ಒಮ್ಮೆ, ಕಂಪ್ಯೂಟರ್‌ನಲ್ಲಿ ಒಮ್ಮೆ ‘ಕೊತ್ತಂಬರಿ’ ಟೈಪ್ ಮಾಡಿ ಹುಡುಕಿ ನೋಡಿ. ಎರಡು ಕಡೆ ಬೇರೆ ಬೇರೆ ಫಲಿತಾಂಶ ಬಂದರೆ ಸ್ಕ್ರೀನ್‌ಶಾಟ್ ತೆಗೆದು ಕಂಪನಿಯವರಿಗೆ ಕಳಿಸಿ. ಅದನ್ನು ಸರಿಪಡಿಸುವುದು ಅವರ ಕೆಲಸ.

ಇನ್ನು ಡಿಸೈನರ್‌ಗಳ ಗೋಳು. ಅದು ನ್ಯಾಯವಾದದ್ದೇ. ಇಪ್ಪತ್ತು ಕಾಲಂ ಮಾಡಿದವರು ಯಾರೋ ಮೀಟಿಂಗ್‌ನಲ್ಲಿ ಕೂತು ‘ಇದೂ ಇರಲಿ, ಅದೂ ಇರಲಿ’ ಅಂದವರು. ತುಂಬುವ ಕೆಲಸ ಅವರಿಗೆ ಬರಲಿಲ್ಲ. ಕಡ್ಡಾಯ ಕಾಲಂಗಳನ್ನು ಆರಕ್ಕೆ ಇಳಿಸಿ: ಯಾವ ಸರಕು, ಎಷ್ಟು ಗ್ರಾಂ, ಯಾವ ಭಾಷೆಯ ಲೇಬಲ್, ಈಗ ಚಾಲ್ತಿಯಲ್ಲಿದೆಯಾ ಇಲ್ಲವಾ, ಯಾರು ಮಾಡಿದ್ದು, ಯಾವಾಗಿನವರೆಗೆ ಬಳಸಬಹುದು. ತೆಗೆದ ದಿನಾಂಕ, ಕ್ಯಾಮೆರಾ, ಅಳತೆ ಇವೆಲ್ಲ ಫೋಟೊದ ಒಳಗೇ ಎಕ್ಸಿಫ್ ರೂಪದಲ್ಲಿ ಕೂತಿರುತ್ತವೆ. ಸಾಫ್ಟ್‌ವೇರ್ ತಾನೇ ಓದಿಕೊಳ್ಳುತ್ತದೆ, ಅದನ್ನು ಮನುಷ್ಯರ ಕೈಲಿ ತುಂಬಿಸಬೇಡಿ. ಒಂದು ಶೂಟ್‌ನ 80 ಫೋಟೊಗೆ ಒಟ್ಟಿಗೇ ವಿವರ ಹಾಕುವ ಸೌಲಭ್ಯ ಇದ್ದೇ ಇರುತ್ತದೆ. ಅದನ್ನು ಎಲ್ಲರಿಗೂ ಕೂರಿಸಿ ತೋರಿಸಿ. ಬಹಳ ಕಡೆ ಜನ ಒಂದೊಂದೇ ಫೋಟೊಗೆ ತುಂಬುತ್ತಾ ಕೂತಿರುವುದನ್ನು ನೋಡಿದ್ದೇನೆ, ಆ ಬಟನ್ ಇದೆ ಅಂತ ಯಾರೂ ಹೇಳಿರುವುದಿಲ್ಲ.

ಆದರೂ ಕೊನೆಯ ತಪಾಸಣೆಗೆ ಒಬ್ಬರು ಬೇಕು. ಐಟಿಯವರು ಬೇಡ. ‘ಆ ಹಬ್ಬದ ಪೋಸ್ಟರ್ ಎಲ್ಲಿದೆ?’ ಅಂತ ಇಡೀ ಆಫೀಸು ಯಾರನ್ನು ಕೇಳುತ್ತದೋ ಅವರೇ ಸರಿಯಾದ ವ್ಯಕ್ತಿ. ನಿಮ್ಮ ಪತ್ರ ಓದಿದರೆ ಅದು ನೀವೇ. ಈಗ ಅದನ್ನು ಸುಮ್ನೆ ಮೇಲುಕೆಲಸವಾಗಿ ಮಾಡುತ್ತಿದ್ದೀರಿ. ವಾರದಲ್ಲಿ ಒಂದು ದಿನ ಇದಕ್ಕೇ ಮೀಸಲು ಅಂತ ನಿಮ್ಮ ಕೆಲಸದ ಪಟ್ಟಿಯಲ್ಲಿ ಬರೆಸಿಕೊಳ್ಳಿ. ಅದಕ್ಕೆ ತಕ್ಕಂತೆ ಬೇರೆ ಕೆಲಸ ಕಡಿಮೆ ಮಾಡಿಸಿಕೊಳ್ಳಿ. ಸಂಬಳದ ಮಾತೂ ಅದೇ ದಿನ ತೆಗೆಯುವುದು ಒಳ್ಳೆಯದು. ಸಾಫ್ಟ್‌ವೇರ್‌ಗೆ ಲಕ್ಷಗಟ್ಟಲೆ ಕೊಡುವ ಕಂಪನಿಗಳು ಅದನ್ನು ನೋಡಿಕೊಳ್ಳುವ ಮನುಷ್ಯರಿಗೆ ಅಂತ ಒಂದು ರೂಪಾಯಿ ತೆಗೆದಿಡುವುದಿಲ್ಲ. ಸೋಲುವ ಜಾಗ ಜಾಸ್ತಿ ಇದೇ.

ನಿಮ್ಮಂಥ ಕಂಪನಿಗೆ ಈ ಸಾಫ್ಟ್‌ವೇರ್ ಯಾಕೆ ಬೇಕು ಅನ್ನೋದನ್ನು ಈಗ ಹೇಳುತ್ತೇನೆ. ಗೂಗಲ್ ಡ್ರೈವ್ ಯಾಕೆ ಸಾಲದು ಅನ್ನೋದಕ್ಕೂ ಉತ್ತರ ಅದರಲ್ಲೇ ಇದೆ. ಫೋಟೊ ಇಡಲು ಡ್ರೈವ್ ಧಾರಾಳ ಸಾಕು. ಸಾಲದೆ ಬರುವುದು ಲೇಬಲ್‌ಗೆ. ಲೇಬಲ್ ಅಂದರೆ ಬರೀ ಚಿತ್ರ ಅಲ್ಲ. ಅದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆ, ಪದಾರ್ಥಗಳ ಪಟ್ಟಿ ಇದೆ, ತೂಕ ಇದೆ, ಗ್ರಾಹಕರ ದೂರಿಗೆ ಕೊಡುವ ವಿಳಾಸ ಇದೆ. ಒಂದು ಬದಲಾದರೂ ಹಳೆಯದು ಮತ್ತೆ ಅಚ್ಚಾಗಬಾರದು. ಆದರೆ ಯಾವುದೇ ಪ್ರೆಸ್‌ಗೆ ಹೋಗಿ ನೋಡಿ. ಆಪರೇಟರ್ ಕಂಪ್ಯೂಟರ್‌ನಲ್ಲಿ ನಿಮ್ಮ ಕಂಪನಿ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ ‘ಚೂಡಾ ಫೈನಲ್’, ‘ಚೂಡಾ ಫೈನಲ್ ಹೊಸದು’, ‘ಚೂಡಾ ಕರೆಕ್ಷನ್ ಓಕೆ’, ‘ಚೂಡಾ ಓಕೆ ಪ್ರಿಂಟ್’ ಅಂತ ನಾಲ್ಕು ಫೈಲ್. ‘ಹೋದ ಸಲದ್ದೇ ಹಾಕಿ’ ಅಂತ ನಿಮ್ಮ ಪರ್ಚೇಸ್‌ನವರು ಫೋನ್‌ನಲ್ಲಿ ಹೇಳಿದರೆ ಆತ ಯಾವುದನ್ನು ಹಾಕುತ್ತಾನೆ? ಸಾವಿರಗಟ್ಟಲೆ ಪೌಚ್ ಅಚ್ಚಾದ ಮೇಲೆ ಗೊತ್ತಾದರೆ ಆ ರೋಲ್ ಗುಜರಿಗೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದದ್ದು ನಿಮಗೆ ನೆನಪಿರುತ್ತದೆ. ಪ್ಯಾಕ್ ಮಾಡಿದ ಖಾರದ ತಿನಿಸುಗಳ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಬೆಲೆ ಬದಲಾಯಿತು. ಬೆಲೆ ಹಾಕಿದ್ದ ಪೋಸ್ಟರ್, ಡೀಲರ್ ರೇಟ್ ಕಾರ್ಡ್, ಫ್ಲೆಕ್ಸ್ ಎಲ್ಲ ಒಂದೇ ದಿನಕ್ಕೆ ಹಳತಾದವು. ಇಂಥ ದಿನ ಈ ಸಾಫ್ಟ್‌ವೇರ್ ತನ್ನ ಖರ್ಚು ದುಡಿಯಬೇಕು. ಬೆಲೆ ಇರುವ ಫೈಲ್‌ಗಳನ್ನೆಲ್ಲ ಒಂದೇ ಹುಡುಕಾಟದಲ್ಲಿ ತೆಗೆದು, ‘ಚಾಲ್ತಿಯಲ್ಲಿಲ್ಲ’ ಅಂತ ಗುರುತು ಹಾಕಿದರೆ ಆ ಕ್ಷಣದಿಂದ ಯಾರಿಗೂ ಡೌನ್‌ಲೋಡ್ ಆಗಬಾರದು. ಹೊಸದನ್ನು ಅದೇ ಫೈಲ್‌ನ ಮುಂದಿನ ಆವೃತ್ತಿಯಾಗಿ ಹಾಕಿದರೆ ಹಳೇ ಲಿಂಕ್ ಒತ್ತಿದವರಿಗೂ ಹೊಸದೇ ಬರಬೇಕು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹೀಗೆ ಆಗುತ್ತದಾ ಅಂತ ಒಂದು ಸುಳ್ಳು ಲೇಬಲ್ ಹಾಕಿ ಪರೀಕ್ಷೆ ಮಾಡಿ. ಅದರ ಜೊತೆ ಒಂದು ನಿಯಮ: ಪ್ರೆಸ್‌ಗೆ ಫೈಲ್ ಕಳಿಸುವುದಿಲ್ಲ, ಲಿಂಕ್ ಮಾತ್ರ. ಪರ್ಚೇಸ್ ಆರ್ಡರ್‌ನಲ್ಲೇ ಲಿಂಕ್ ಮತ್ತು ಆವೃತ್ತಿ ನಂಬರ್ ಬರಲಿ. ಪ್ರೆಸ್‌ನವರು ಮೊದಲು ಗೊಣಗುತ್ತಾರೆ. ತಪ್ಪು ಅಚ್ಚಾದರೆ ಹೊಣೆ ತಮ್ಮದಲ್ಲ ಅನ್ನೋದು ತಿಳಿದ ಮೇಲೆ ಅವರೇ ಲಿಂಕ್ ಕೇಳುತ್ತಾರೆ.

ಲೇಬಲ್ ವಿಷಯದಲ್ಲೇ ಇನ್ನೊಂದು. ನಿಮ್ಮಲ್ಲಿ ಡಿಸೈನ್ ಕೋರೆಲ್‌ಡ್ರಾದಲ್ಲಿ ಆಗುತ್ತಿರಬಹುದು, ನಮ್ಮ ಊರುಗಳ ಪ್ರೆಸ್ ಎಲ್ಲ ಅದರ ಮೇಲೇ ನಿಂತಿವೆ. ಹೊರದೇಶದ ಹಲವು ಅಸೆಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ಗಳು ಫೋಟೊಶಾಪ್, ಇಲಸ್ಟ್ರೇಟರ್ ಫೈಲ್‌ಗೆ ಚೆನ್ನಾಗಿ ಮುಖಚಿತ್ರ ತೋರಿಸುತ್ತವೆ, ಕೋರೆಲ್‌ಡ್ರಾದ ಸಿಡಿಆರ್ ಫೈಲ್‌ಗೆ ಮಾತ್ರ ಒಂದು ಖಾಲಿ ಬಿಳಿ ಚೌಕ. ಇನ್ನೂರು ಬಿಳಿ ಚೌಕಗಳಲ್ಲಿ ಯಾರು ಏನು ಹುಡುಕುತ್ತಾರೆ? ಅದಕ್ಕೆ ಪ್ರತಿ ಸಿಡಿಆರ್ ಜೊತೆ ಒಂದು ಪಿಡಿಎಫ್ ಕಡ್ಡಾಯ ಮಾಡಿ, ಎರಡನ್ನೂ ಒಂದೇ ದಾಖಲೆಯಡಿ ಸೇರಿಸಿ. ಪ್ರೆಸ್‌ಗೆ ‘ಕರ್ವ್ಸ್ ಮಾಡಿ’ ಕಳಿಸುವ ರೂಢಿ ಇದೆಯಲ್ಲ, ಅಲ್ಲೂ ಹುಷಾರು. ಕರ್ವ್ಸ್ ಮಾಡಿದ ಮೇಲೆ ಅಕ್ಷರಗಳು ಅಕ್ಷರಗಳಾಗಿ ಉಳಿಯುವುದಿಲ್ಲ, ಬರೀ ಗೆರೆಗಳಾಗುತ್ತವೆ. ನಾಳೆ ವಿಳಾಸದಲ್ಲಿ ಒಂದು ಪಿನ್‌ಕೋಡ್ ತಿದ್ದಬೇಕಾದರೂ ಹೊಸದಾಗಿ ಟೈಪ್ ಮಾಡಬೇಕು. ಕರ್ವ್ಸ್ ಮಾಡದ ಮೂಲ, ಅದಕ್ಕೆ ಬಳಸಿದ ಫಾಂಟ್, ಕರ್ವ್ಸ್ ಆದ ಪ್ರತಿ, ಪಿಡಿಎಫ್ ನಾಲ್ಕೂ ಒಟ್ಟಿಗೆ ಇರಲಿ. ಡಿಸೈನರ್ ಕೆಲಸ ಬಿಟ್ಟು ಹೋದ ದಿನ ಇದರ ಬೆಲೆ ತಿಳಿಯುತ್ತದೆ.

ವಾಟ್ಸಾಪ್ ನಿಷೇಧ ಮಾಡಲು ಹೋಗಬೇಡಿ. ಆಗದ ಮಾತು. ಜನ ವಾಟ್ಸಾಪ್‌ನಲ್ಲೇ ಕೇಳಲಿ, ನೀವು ಫೋಟೊ ಬದಲು ಲಿಂಕ್ ಕಳಿಸಿ. ಅದು ಲಾಗಿನ್ ಕೇಳದ ಲಿಂಕ್ ಆಗಿರಲಿ, ಒಂದು ವಾರಕ್ಕೆ ತಾನೇ ಮುಚ್ಚಿಕೊಳ್ಳುವ ಹಾಗಿರಲಿ. ಡೀಲರ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಆತ ಎರಡನೇ ದಿನ ಮರೆಯುತ್ತಾನೆ, ಮೂರನೇ ದಿನ ನಿಮಗೇ ಫೋನ್. ನಿಮ್ಮ ಸೇಲ್ಸ್‌ನವರಿಗಂತೂ ಕಂಪ್ಯೂಟರ್ ಮುಂದೆ ಕೂರುವ ಅಭ್ಯಾಸವೇ ಇರುವುದಿಲ್ಲ. ಇಡೀ ಸಾಫ್ಟ್‌ವೇರನ್ನು ಒಂದು ಸಾಧಾರಣ ಫೋನ್‌ನಲ್ಲಿ, ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲಿ ತಡಕಾಡಿದರೆ ಅವರು ಬಳಸುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ.

ಫೋಟೊ ಯಾಕೆ ನೇರ ಕಳಿಸಬಾರದು ಅನ್ನೋದಕ್ಕೆ ಒಂದು ಲೆಕ್ಕ ಹೇಳಿ, ಎಲ್ಲರಿಗೂ ಅರ್ಥವಾಗುತ್ತದೆ. ವಾಟ್ಸಾಪ್ ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದ ಫೋಟೊವನ್ನು ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಕುಗ್ಗಿಸುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಅಚ್ಚು ಹಾಕಿದರೆ ಅದು ಐದೂಕಾಲು ಇಂಚು ಮಾತ್ರ. ಎ4 ಬ್ರೋಷರ್‌ಗೆ ಎಳೆದರೆ ಮೆಣಸಿನಕಾಯಿ ಮಸುಕು ಮಸುಕು. ಫೋಟೊದ ಒಳಗಿದ್ದ ಹೆಸರು, ವಿವರ ಎಲ್ಲ ದಾರಿಯಲ್ಲೇ ಉದುರಿಹೋಗುತ್ತವೆ. ತೀರಾ ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇದ್ದ ಹಾಗೇ ತಲುಪುತ್ತದೆ.

ವಿಡಿಯೊಗೆ ಬೇರೆ ನಿಯಮ. ಕ್ಯಾಮೆರಾದವರು ತರುವ 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್‌ನದಾದರೆ ಒಂದು ಗಂಟೆಗೆ 45 ಜಿಬಿ. ನಿಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಅದು ಮೇಲೇರಲು 5 ಗಂಟೆ. ಕಚ್ಚಾ ವಿಡಿಯೊ ಆಫೀಸಿನ ಹಾರ್ಡ್‌ಡಿಸ್ಕ್‌ನಲ್ಲೇ ಇರಲಿ, ಎರಡು ಪ್ರತಿ ಮಾಡಿ. ಎಡಿಟ್ ಆಗಿ ಮುಗಿದದ್ದು ಮಾತ್ರ ಒಳಗೆ ಬರಲಿ.

ಹಕ್ಕಿನ ವಿಷಯ ನೀವು ಕೇಳಿಲ್ಲ. ಆದರೂ ‘ಯಾವಾಗಿನವರೆಗೆ ಬಳಸಬಹುದು’ ಅನ್ನೋ ಕಾಲಂ ಇಟ್ಟದ್ದು ಇದಕ್ಕೇ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಅಂತ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಹೊರಗಿನ ಡಿಸೈನರ್ ಮಾಡಿದ ಲೇಬಲ್‌ಗೂ ಇದೇ ಅನುಕೂಲ ತಾನಾಗಿ ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ, ಬರಹದಲ್ಲಿ ಹಕ್ಕು ಬರೆಸಿಕೊಳ್ಳಿ. ಅದರಲ್ಲಿ ಅವಧಿ ಹಾಕದಿದ್ದರೆ 19ನೇ ಸೆಕ್ಷನ್ ಪ್ರಕಾರ 5 ವರ್ಷ ಅಂತಲೇ ಲೆಕ್ಕ, ಪ್ರದೇಶ ಹಾಕದಿದ್ದರೆ ಭಾರತ ಮಾತ್ರ. ದುಬೈಗೆ ಪ್ಯಾಕ್ ಕಳಿಸುವ ಆಸೆ ಇದ್ದರೆ ಈ ಎರಡು ಸಾಲು ಮರೆಯಬೇಡಿ. ಜಾಹೀರಾತಿನಲ್ಲಿ ಮಾಡೆಲ್ ಇದ್ದರೆ ಅವರ ಒಪ್ಪಂದ ಎಂದು ಮುಗಿಯುತ್ತದೋ ಆ ದಿನಾಂಕವೇ ಆ ಕಾಲಂಗೆ ಬರಬೇಕು. ಮಕ್ಕಳಿದ್ದರೆ ತಂದೆತಾಯಿಯ ಒಪ್ಪಿಗೆ ಪತ್ರದ ಸ್ಕ್ಯಾನ್ ಪ್ರತಿಯನ್ನೂ ಫೋಟೊಗೆ ಸೇರಿಸಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ.

ಎಐ ತಾನೇ ಹೆಸರಿಡುತ್ತದೆ ಅಂತ ಯಾರಾದರೂ ಮಾರಲು ಬಂದರೆ ನಿಮ್ಮದೇ ಐವತ್ತು ಫೋಟೊ ಕೊಟ್ಟು ನೋಡಿ. ‘ಬಟ್ಟಲು, ಕೆಂಪು, ಆಹಾರ’ ಅನ್ನೋವರೆಗೆ ಅದು ಚೆನ್ನಾಗಿಯೇ ಹೇಳುತ್ತದೆ. ಆ ಕೆಂಪು ಪುಡಿ ನಿಮ್ಮ ಸಾರಿನ ಪುಡಿಯೋ ಪುಳಿಯೋಗರೆ ಪುಡಿಯೋ ಅಂತ ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿರುವ ರಾಶಿಯನ್ನೆಲ್ಲ ಒಳಗೆ ಸುರಿಯಲೂ ಬೇಡಿ. ಈಗಾಗಲೇ ಸುರಿದಿದ್ದರೆ ‘ಹಳೆಯದು’ ಅಂತ ಗುರುತು ಹಾಕಿ ಮಾಮೂಲಿ ಹುಡುಕಾಟದಿಂದ ಮರೆಮಾಡಿ. ಯಾರಾದರೂ ಕೇಳಿದಾಗ ಆ ಫೋಟೊವನ್ನು ಹೆಸರು ಸಮೇತ ಮುಂದೆ ತನ್ನಿ. ಒಂದು ವರ್ಷ ಯಾರೂ ಕೇಳದ್ದು ಅಲ್ಲೇ ಇರಲಿ. ನಕಲುಗಳನ್ನು ಸಾಫ್ಟ್‌ವೇರ್ ಹಿಡಿಯುತ್ತದೆ ಅಂತಾರೆ. ಆದರೆ ಬಹಳಷ್ಟರಲ್ಲಿ ಸಿಗುವುದು ಅಕ್ಷರಶಃ ಒಂದೇ ಆದ ಫೈಲ್‌ಗಳು ಮಾತ್ರ. ಅದೇ ಫೋಟೊ ವಾಟ್ಸಾಪ್‌ನಲ್ಲಿ ಹೋಗಿ ಬಂದು ಕುಗ್ಗಿದ್ದರೆ ಅವುಗಳ ಕಣ್ಣಿಗೆ ಅದು ಬೇರೆ ಫೈಲ್.

ಇಷ್ಟೆಲ್ಲ ಮಾಡಿ ಎರಡು ತಿಂಗಳು ನೋಡಿ. ನಿಮಗೆ ವಾಟ್ಸಾಪ್‌ನಲ್ಲಿ ಬರುವ ‘ಫೋಟೊ ಕಳಿಸಿ’ ಸಂದೇಶಗಳನ್ನು ವಾರ ವಾರ ಒಂದು ಪುಸ್ತಕದಲ್ಲಿ ಗೆರೆ ಹಾಕಿ ಎಣಿಸಿ. ಕಡಿಮೆಯಾಗುತ್ತಿದ್ದರೆ ಇದ್ದದ್ದನ್ನೇ ರಿನ್ಯೂ ಮಾಡಿ. ಹೆಸರು ಸರಿಯಿದ್ದೂ ಕನ್ನಡ ಹುಡುಕಾಟ ಕೈಕೊಡುತ್ತಿದ್ದರೆ, ಫೋನ್‌ನಲ್ಲಿ ತೆರೆಯದಿದ್ದರೆ, ಹಳೇ ಆವೃತ್ತಿ ತಡೆಯಲು ಆಗದಿದ್ದರೆ ಆಗ ಬೇರೆಯದು ನೋಡಿ. ಬೈಂಡರ್, ಕ್ಯಾಂಟೊ, ಅಡೋಬಿಯ ಎಕ್ಸ್‌ಪೀರಿಯನ್ಸ್ ಮ್ಯಾನೇಜರ್ ಇವೆಲ್ಲ ದೊಡ್ಡ ಹೆಸರುಗಳು. ಅದರಲ್ಲೂ ಅಡೋಬಿಯದ್ದು ನಿಮ್ಮ ಅಳತೆಗೆ ಜಾಸ್ತಿಯೇ ಆಯಿತು. ರಿಸೋರ್ಸ್‌ಸ್ಪೇಸ್ ಅನ್ನೋದು ಓಪನ್ ಸೋರ್ಸ್, ಬ್ರಿಟನ್ನಿನ ಆಕ್ಸ್‌ಫ್ಯಾಮ್ ಸಂಸ್ಥೆಗಾಗಿ ಹುಟ್ಟಿದ್ದು. ಲೈಸೆನ್ಸ್‌ಗೆ ದುಡ್ಡಿಲ್ಲ. ಆದರೆ ಸರ್ವರ್ ನೋಡಿಕೊಳ್ಳಲು, ಬ್ಯಾಕಪ್ ತೆಗೆಯಲು ತಿಳಿದವರು ಬೇಕು. ಅಂಥವರು ನಿಮ್ಮಲ್ಲಿ ಇಲ್ಲದಿದ್ದರೆ ಪುಕ್ಕಟೆ ಅನ್ನೋ ಮಾತಿಗೆ ಅರ್ಥವಿಲ್ಲ.

ಉಳಿದರೂ, ಹೋದರೂ ರಿನ್ಯೂವಲ್‌ಗೆ ಮುಂಚೆ ಒಂದು ಕೆಲಸ ಮಾಡಿಸಿ. ನೂರು ಫೈಲ್‌ಗಳನ್ನು ಅವುಗಳ ಎಲ್ಲ ವಿವರ, ಹಳೇ ಆವೃತ್ತಿ ಸಮೇತ ಹೊರಗೆ ತೆಗೆದುಕೊಡಿ ಅಂತ ಈಗಿನ ಕಂಪನಿಯವರನ್ನು ಕೇಳಿ. ವಿವರಗಳು ಒಂದು ಎಕ್ಸೆಲ್ ಹಾಳೆಯಲ್ಲಿ ಬರಬೇಕು. ಫೋಟೊಗಳಿಗೆ ಅವು ಫೈಲ್‌ನ ಒಳಗೂ ಎಕ್ಸ್‌ಎಂಪಿ ರೂಪದಲ್ಲಿ ಇರಬೇಕು. 2001ರಲ್ಲಿ ಅಡೋಬಿ ತಂದ ಈ ವಿಧಾನ 2012ರಲ್ಲಿ ಐಎಸ್‌ಒ ಮಾನದಂಡವಾಯಿತು, ಹಾಗಾಗಿ ‘ನಮ್ಮಲ್ಲಿ ಆಗಲ್ಲ’ ಅನ್ನೋಕೆ ನೆಪವಿಲ್ಲ. ಈ ವ್ಯಾಪಾರದಲ್ಲಿ ಕಂಪನಿಗಳು ಕೈ ಬದಲಾಯಿಸುವುದು ಮಾಮೂಲು. 2018ರಲ್ಲಿ ವೆಬ್‌ಡ್ಯಾಮ್ ಬೈಂಡರ್ ಪಾಲಾಯಿತು, 2021ರಲ್ಲಿ ವೈಡನ್ ಅನ್ನು ಆಕ್ವಿಯಾ ಕೊಂಡಿತು. ನೀವು ಆರಿಸಿದ್ದೂ ನಾಳೆ ಇನ್ನೊಬ್ಬರದ್ದಾಗಬಹುದು. ಆ ನೂರು ಫೈಲ್ ಸರಿಯಾಗಿ ಕೈಗೆ ಬಂದ ಮೇಲೆಯೇ ಮೂರು ವರ್ಷದ ಒಪ್ಪಂದದ ಮಾತು. ಅಲ್ಲಿಯವರೆಗೆ ಒಂದೇ ವರ್ಷಕ್ಕೆ ರಿನ್ಯೂ ಮಾಡಿ. ರಿಯಾಯಿತಿ ಜಾಸ್ತಿ ಕೊಡ್ತೀವಿ ಅಂದರೂ ಅಷ್ಟೇ.